ರಾತ್ರಿ ಪಾಳಿ ಕರೆಂಟು ಮತ್ತು ಮೈಯೊಳಗಿನ ಗಡಿಯಾರ



ಪ್ರತಿ ವಾರ ಬೆಳೆ ಬಗ್ಗೆ ಬರೀತಿದ್ದೆ. ಈ ವಾರ ಬೆಳೆಯೋರ ಬಗ್ಗೆ ಬರೀತೀನಿ. ರಾತ್ರಿ ತ್ರೀಫೇಸ್ ಕರೆಂಟಿಗೆ ಎದ್ದು ಹೋಗಿ ನೀರು ಹಾಯಿಸೋ ಎಲ್ಲರಿಗೂ ಇದು ಸಂಬಂಧಪಟ್ಟ ವಿಷಯ. ಏನು ಮಾಡಬಹುದು ಅನ್ನೋದನ್ನ ಕೊನೆಯಲ್ಲಿ ಕೊಟ್ಟಿದ್ದೀನಿ. ಆದರೆ ಮೊದಲು ಕಾರಣ ತಿಳ್ಕೊಂಡ್ರೆ ಆ ಸಲಹೆಗಳು ಮನಸ್ಸಲ್ಲಿ ಉಳಿಯುತ್ತವೆ. ಸ್ವಲ್ಪ ತಾಳ್ಮೆಯಿಂದ ಓದಿ.

ಹೋದ ಬೇಸಿಗೆಯಲ್ಲಿ ನಮ್ಮ ಕಡೆ ಪಂಪ್‌ಸೆಟ್ಟಿಗೆ ಕರೆಂಟ್ ಬರ್ತಿದ್ದದ್ದು ರಾತ್ರಿ 11ರ ಮೇಲೆ. ಬೋರ್‌ವೆಲ್ಲಿನಲ್ಲಿ ನೀರು ಕಮ್ಮಿ, ಟೊಮೆಟೊ ಕಾಯಿ ಕಟ್ಟೋ ಹೊತ್ತು, ಬಿಡೋ ಹಾಗಿಲ್ಲ. ಹೆಚ್ಚುಕಮ್ಮಿ ಒಂದು ತಿಂಗಳು ದಿನಾ ರಾತ್ರಿ ತೋಟಕ್ಕೆ ಹೋದೆ. ಒಂದು ವಾಲ್ವ್ ತಿರುಗಿಸೋದು, ಬದು ಮೇಲೆ ಕೂತು ಮೊಬೈಲ್ ನೋಡೋದು, ಇನ್ನೊಂದು ವಾಲ್ವ್ ತಿರುಗಿಸೋದು. ಮೂರು ಗಂಟೆಗೆ ಮನೆಗೆ ಬಂದರೆ ಹೊಟ್ಟೆ ಚುರುಗುಟ್ಟೋದು. ಅಮ್ಮ ಮುಚ್ಚಿಟ್ಟಿದ್ದ ಮುದ್ದೆ, ಸಾರು ಉಂಡು ಮಲಗ್ತಿದ್ದೆ. ಬೆಳಗ್ಗೆ ಎದ್ದರೆ ಎದೆ ಉರಿ, ತಲೆ ಭಾರ, ಯಾರು ಮಾತಾಡಿಸಿದ್ರೂ ಸಿಡುಕು.

ಆಮೇಲೆ ಊರಲ್ಲಿ ಒಂದು ಆರೋಗ್ಯ ಶಿಬಿರ ಆಯ್ತು. ನಾನೂ ಬೆರಳು ಚುಚ್ಚಿಸಿಕೊಂಡೆ. ಬರಿ ಹೊಟ್ಟೆಯ ಸಕ್ಕರೆ 112. "ಇನ್ನೂ ಕಾಯಿಲೆ ಅಂತ ಹೇಳಲ್ಲ, ಆದರೆ ಗಡಿ ಮೇಲೆ ಇದೀರ" ಅಂದ್ರು. ನನಗೆ ವಯಸ್ಸು 34. ನಮ್ಮಪ್ಪನಿಗೆ ಸಕ್ಕರೆ ಕಾಯಿಲೆ ಇದೆ, ಹಾಗಾಗಿ ರಾತ್ರಿ ಪಾಳಿಯೊಂದೇ ಕಾರಣ ಅಂತ ಹೇಳೋಕೆ ಬರಲ್ಲ. ಆದರೆ ಅಪ್ಪನೂ ಇಪ್ಪತ್ತು ವರ್ಷಕ್ಕಿಂತ ಹೆಚ್ಚು ರಾತ್ರಿ ಕರೆಂಟಿಗೆ ನೀರು ಕಟ್ಟಿದವರು. ಅದು ತಲೆಯಲ್ಲಿ ಕೊರೆಯೋಕೆ ಶುರುವಾಯ್ತು, ಓದೋಕೆ ಕೂತೆ.

ಸೇವಂತಿಗೆ ಹೇಳಿಕೊಟ್ಟ ಪಾಠ

ನಮ್ಮ ಪಕ್ಕದ ತೋಟದಲ್ಲಿ ಸೇವಂತಿಗೆ ಇದೆ. ರಾತ್ರಿ ಸಾಲು ಸಾಲಾಗಿ ಬಲ್ಬ್ ಉರೀತಿರುತ್ತೆ. ಯಾಕೆ ಅಂತ ನಿಮಗೂ ಗೊತ್ತು. ರಾತ್ರಿ ಉದ್ದ ಆದಾಗ ಸೇವಂತಿಗೆ ಮೊಗ್ಗು ಬಿಡುತ್ತೆ. ಗಿಡ ಇನ್ನೂ ಎತ್ತರ ಬೆಳೀಬೇಕು, ಕವಲೊಡೀಬೇಕು ಅಂದ್ರೆ ನಡುರಾತ್ರಿ ಕೆಲವು ಗಂಟೆ ಬೆಳಕು ಕೊಟ್ಟು ಅದರ ರಾತ್ರಿಯನ್ನ ಮುರೀತೀವಿ. ನೀರು ಅದೇ, ಗೊಬ್ಬರ ಅದೇ, ತಳಿ ಅದೇ. ಬೆಳಕಿನ ಹೊತ್ತು ಬದಲಾಯ್ತು ಅಷ್ಟೆ, ಹೂವು ನಿಂತಿತು.

ಒಳಗೆ ನಡೆಯೋದು ಇಷ್ಟು: ಕತ್ತಲಲ್ಲಿ ಇರಬೇಕಾದ ಹೊತ್ತಿಗೆ ಎಲೆ ಮೇಲೆ ಬೆಳಕು ಬಿದ್ದರೆ, ಹೂವನ್ನ ತಡೆಯೋ ಒಂದು ಜೀನ್ ಎಲೆಯ ಅಂಗಾಂಶದಲ್ಲಿ ಚಾಲೂ ಆಗುತ್ತೆ. ಹೂ ಬಿಡಿಸೋ ಜೀನ್ ಸುಮ್ಮನಾಗುತ್ತೆ. ತೋಟಗಾರಿಕೆ ಕಾಲೇಜಲ್ಲಿ ಇದನ್ನ ಪರೀಕ್ಷೆಗೆ ಅಂತ ಓದಿ ಮಾರ್ಕ್ಸ್ ತಗೊಂಡಿದ್ದೆ. ಆ ಬಲ್ಬುಗಳ ಪಕ್ಕದಲ್ಲೇ ರಾತ್ರಿ ಒಂದು ಗಂಟೆಗೆ ಮೊಬೈಲ್ ಬೆಳಕು ಮುಖಕ್ಕೆ ಹಿಡ್ಕೊಂಡು ಕೂತಿದ್ದಾಗ, ನನ್ನ ಮೈಗೂ ಅಂಥದ್ದೇ ಏನೋ ಆಗ್ತಿರಬಹುದು ಅನ್ನೋದು ಮಾತ್ರ ಹೊಳೆದಿರಲಿಲ್ಲ.

ಗಡಿಯಾರ ಇದೆ ಅಂತ ಗೊತ್ತಾಗಿದ್ದು

ಬದುಗಳ ಮೇಲೆ ಬೆಳೆಯೋ ಮುಟ್ಟಿದರೆ ಮುನಿ ಗಿಡ ನೋಡಿದ್ದೀರಲ್ಲ, ಸಂಜೆ ಆದ್ರೆ ಎಲೆ ಮಡಚುತ್ತೆ, ಬೆಳಗ್ಗೆ ಬಿಚ್ಚುತ್ತೆ. 1729ರಲ್ಲಿ ಫ್ರಾನ್ಸಿನ ವಿಜ್ಞಾನಿ ಡಿ ಮೈರಾನ್ ಇದೇ ಜಾತಿಯ ಗಿಡವನ್ನ ಕತ್ತಲಲ್ಲಿ ಇಟ್ಟು ನೋಡಿದ್ರು. ಬಿಸಿಲೇ ಇಲ್ಲದಿದ್ದರೂ ಎಲೆಗಳು ಹೊತ್ತಿಗೆ ಸರಿಯಾಗಿ ಬಿಚ್ಚಿ ಮಡಚ್ತಾ ಇದ್ದವು. ಅಂದ್ರೆ ಗಿಡ ಬರೀ ಸೂರ್ಯನ್ನ ನೋಡಿ ಕೆಲಸ ಮಾಡ್ತಿಲ್ಲ, ಹೊತ್ತಿನ ಲೆಕ್ಕ ಅದರೊಳಗೇ ಇದೆ.

ಆ ಲೆಕ್ಕ ಜೀನಿನಲ್ಲಿದೆ ಅಂತ ಗೊತ್ತಾಗೋಕೆ 1971 ಬರಬೇಕಾಯ್ತು. ಅಮೆರಿಕದಲ್ಲಿ ರೊನಾಲ್ಡ್ ಕೊನೋಪ್ಕಾ ಮತ್ತು ಸೀಮೋರ್ ಬೆಂಜರ್ ಹಣ್ಣಿನ ನೊಣಗಳಲ್ಲಿ ಹೊತ್ತಿನ ಲೆಕ್ಕ ತಪ್ಪಿದವನ್ನ ಹುಡುಕಿದ್ರು. ಕೆಲವಕ್ಕೆ ದಿನ 19 ಗಂಟೆ, ಕೆಲವಕ್ಕೆ 28 ಗಂಟೆ, ಕೆಲವಕ್ಕೆ ಲೆಕ್ಕವೇ ಇಲ್ಲ. ಮೂರರಲ್ಲೂ ಕೆಟ್ಟಿದ್ದು ಒಂದೇ ಜೀನ್. ಅದಕ್ಕೆ 'ಪೀರಿಯಡ್' ಅಂತ ಹೆಸರಿಟ್ಟರು. ಆ ಜೀನ್ ಹೇಗೆ ಗಡಿಯಾರದ ಥರ ಓಡುತ್ತೆ ಅಂತ ಬಿಡಿಸಿ ತೋರಿಸಿದ ಜೆಫ್ರಿ ಹಾಲ್, ಮೈಕಲ್ ರೋಸ್‌ಬ್ಯಾಷ್, ಮೈಕಲ್ ಯಂಗ್ ಅವರಿಗೆ 2017ರಲ್ಲಿ ನೊಬೆಲ್ ಬಂತು.

ಫ್ಲೋಟ್ ವಾಲ್ವ್ ಇದ್ದ ಹಾಗೆ

ಗಡಿಯಾರ ಓಡೋದು ಹೇಗೆ? ನೀರಿನ ಟ್ಯಾಂಕಿನ ಫ್ಲೋಟ್ ವಾಲ್ವ್ ನೆನಪು ಮಾಡ್ಕೊಳ್ಳಿ. ನೀರು ತುಂಬ್ತಾ ಹೋದ ಹಾಗೆ ತೇಲುಗುಂಡು ಮೇಲೇರಿ ವಾಲ್ವ್ ಮುಚ್ಚುತ್ತೆ. ನೀರು ಖರ್ಚಾದ ಹಾಗೆ ಗುಂಡು ಇಳಿದು ವಾಲ್ವ್ ತೆರೆಯುತ್ತೆ.

ನಮ್ಮ ಜೀವಕೋಶದಲ್ಲೂ ಹೀಗೇ. 'ಕ್ಲಾಕ್' ಮತ್ತು 'ಬಿಮ್ಯಾಲ್-1' ಅನ್ನೋ ಎರಡು ಪ್ರೋಟೀನುಗಳು ಸೇರಿ 'ಪೀರಿಯಡ್', 'ಕ್ರಿಪ್ಟೋಕ್ರೋಮ್' ಅನ್ನೋ ಜೀನುಗಳ ಸ್ವಿಚ್ ಹಾಕುತ್ತವೆ. ಆ ಜೀನುಗಳಿಂದ ತಯಾರಾದ ಪ್ರೋಟೀನ್ ಕೋಶದಲ್ಲಿ ತುಂಬ್ತಾ ಹೋಗುತ್ತೆ. ಸಾಕಷ್ಟು ತುಂಬಿದ ಮೇಲೆ ಅದೇ ಒಳಗೆ ಹೋಗಿ ತನ್ನ ಸ್ವಿಚ್ಚನ್ನ ತಾನೇ ಆರಿಸುತ್ತೆ. ಆಮೇಲೆ ನಿಧಾನಕ್ಕೆ ಕರಗಿ ಖಾಲಿಯಾಗುತ್ತೆ, ಸ್ವಿಚ್ ಮತ್ತೆ ಬೀಳುತ್ತೆ. ತುಂಬಿ, ಮುಚ್ಚಿ, ಖಾಲಿಯಾಗಿ ಮತ್ತೆ ತೆರೆಯೋಕೆ ಸುಮಾರು 24 ಗಂಟೆ. ಮೈಯ ಹೆಚ್ಚುಕಮ್ಮಿ ಎಲ್ಲ ಕೋಶಗಳಲ್ಲೂ ಈ ಗಡಿಯಾರ ಇದೆ. ಲಿವರ್‌ನಲ್ಲಿ, ಚರ್ಮದಲ್ಲಿ, ಹೃದಯದಲ್ಲಿ, ಮಾಂಸಖಂಡದಲ್ಲಿ, ಇನ್ಸುಲಿನ್ ತಯಾರಿಸೋ ಮೇದೋಜೀರಕ ಗ್ರಂಥಿಯಲ್ಲಿ ಕೂಡ.

ಒಂದೊಂದು ಅಂಗಕ್ಕೂ ಒಂದೊಂದು ವೇಳಾಪಟ್ಟಿ

ಎಲ್ಲ ಕೋಶಗಳಲ್ಲೂ ಇರೋ ಜೀನುಗಳ ಸೆಟ್ ಒಂದೇ. ಕಣ್ಣಿನ ಕೋಶ ಕಣ್ಣಾಗಿರೋದು, ಲಿವರ್ ಕೋಶ ಲಿವರ್ ಆಗಿರೋದು ಯಾವ ಜೀನ್ ಚಾಲೂ ಇದೆ, ಯಾವುದು ಇಲ್ಲ ಅನ್ನೋದರಿಂದ. ಇದರ ಮೇಲೆ ಗಡಿಯಾರ ಇನ್ನೊಂದು ಪದರ ಸೇರಿಸುತ್ತೆ: ಯಾವ ಜೀನ್ ಯಾವ ಹೊತ್ತಿಗೆ ಚಾಲೂ ಆಗಬೇಕು ಅಂತ.

2014ರಲ್ಲಿ ಇಲಿಗಳ 12 ಅಂಗಗಳನ್ನ ಹಗಲು ರಾತ್ರಿ ಪರೀಕ್ಷಿಸಿದ ಒಂದು ಅಧ್ಯಯನ ಬಂತು. ಪ್ರೋಟೀನ್ ತಯಾರಿಸೋ ಜೀನುಗಳಲ್ಲಿ 43% ಯಾವುದಾದರೂ ಒಂದು ಅಂಗದಲ್ಲಿ ದಿನದ ಲಯಕ್ಕೆ ಏರಿಳಿತಾ ಇದ್ದವು. ಅತಿ ಹೆಚ್ಚು ಏರಿಳಿತ ಕಂಡಿದ್ದು ಲಿವರ್‌ನಲ್ಲಿ. ಒಂದು ಅಂಗದ ಪಟ್ಟಿ ಇನ್ನೊಂದರ ಪಟ್ಟಿ ಥರ ಇರಲಿಲ್ಲ.

ಆದರೆ ಇಲಿ ರಾತ್ರಿ ಓಡಾಡೋ ಪ್ರಾಣಿ. ನಮ್ಮ ಹಾಗೆ ಹಗಲು ಬದುಕೋ ಬಬೂನ್ ಕೋತಿಗಳ 64 ಅಂಗಾಂಶಗಳನ್ನ ನೋಡಿದ ಅಧ್ಯಯನ 2018ರಲ್ಲಿ ಪ್ರಕಟವಾಯ್ತು. ಅಲ್ಲಿ ಆ ಪಾಲು 80% ದಾಟಿತು. ಈ ಅಧ್ಯಯನದ ಹಿಂದೆ ಇದ್ದವರು ಅಮೆರಿಕದ ಸಾಲ್ಕ್ ಸಂಸ್ಥೆಯ ಸಚ್ಚಿದಾನಂದ ಪಂಡಾ. ಒಡಿಶಾದವರು, ಅಲ್ಲಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಅಗ್ರಿ ಪದವಿ ಮಾಡಿದವರು. ನಮ್ಮ ಥರ ಬಿತ್ತನೆ, ಗೊಬ್ಬರ ಓದಿದವರೊಬ್ಬರು ಈ ವಿಷಯದಲ್ಲಿ ದೊಡ್ಡ ಹೆಸರಾಗಿದ್ದಾರೆ ಅಂತ ತಿಳಿದಾಗ ನನಗೆ ಖುಷಿಯಾಯ್ತು.

ಇದರಿಂದ ನಮಗೇನು ಅಂತ ಕೇಳಬಹುದು. ಒಂದು ಉದಾಹರಣೆ ಕೊಡ್ತೀನಿ. ಕೇಂಬ್ರಿಡ್ಜಿನ ವಿಜ್ಞಾನಿಗಳು 2017ರಲ್ಲಿ ಸುಟ್ಟಗಾಯದ 118 ರೋಗಿಗಳ ದಾಖಲೆ ನೋಡಿದ್ರು. ಹಗಲು ಆದ ಗಾಯ ಮಾಯೋಕೆ ಸರಾಸರಿ 17 ದಿನ, ರಾತ್ರಿ ಆದ ಗಾಯಕ್ಕೆ 28 ದಿನ. ಕಾರಣ ಚರ್ಮದ ಅಂಗಾಂಶದಲ್ಲೇ ಇತ್ತು. ಗಾಯ ಆದಾಗ ಅಲ್ಲಿಗೆ ಹರಿದು ಹೋಗಿ ರಿಪೇರಿ ಮಾಡೋ ಕೋಶಗಳಿರ್ತವೆ. ಆ ಓಡಾಟಕ್ಕೆ ಬೇಕಾದ ಜೀನುಗಳು ನಾವು ಎಚ್ಚರ ಇರೋ ಹೊತ್ತಲ್ಲಿ ಚುರುಕು, ಮಲಗೋ ಹೊತ್ತಲ್ಲಿ ಮಂದ. ಕುಡುಗೋಲು ಹಗಲು ತಾಗಿದ್ರೂ ರಾತ್ರಿ ತಾಗಿದ್ರೂ ಗಾಯ ಒಂದೇ ಅಂದ್ಕೊಂಡಿದ್ವಿ. ಚರ್ಮದ ಲೆಕ್ಕ ಬೇರೆ ಇದೆ.

ಊಟದ ವಿಷಯವೂ ಹಾಗೇ. ಹಗಲು ಉಂಡ ಮುದ್ದೆಯನ್ನೇ ರಾತ್ರಿ ಎರಡು ಗಂಟೆಗೆ ಉಂಡರೆ ರಕ್ತದಲ್ಲಿ ಸಕ್ಕರೆ ಹೆಚ್ಚು ಏರುತ್ತೆ, ಇಳಿಯೋಕೆ ಹೆಚ್ಚು ಹೊತ್ತು ಹಿಡಿಯುತ್ತೆ. ಯಾಕಂದ್ರೆ ಆ ಹೊತ್ತಿಗೆ ಇನ್ಸುಲಿನ್ ಕೆಲಸ ನಿಧಾನ.

ಎರಡು ಗಡಿಯಾರ ಎರಡು ಹೊತ್ತು ತೋರಿಸಿದಾಗ

ಇಷ್ಟೆಲ್ಲ ಗಡಿಯಾರಗಳನ್ನ ಒಂದೇ ಹೊತ್ತಿಗೆ ಇಟ್ಟುಕೊಳ್ಳೋಕೆ ಒಬ್ಬ ಯಜಮಾನ ಬೇಕು. ಅದು ಮೆದುಳಿನಲ್ಲಿ, ಕಣ್ಣಿನಿಂದ ಬರೋ ನರಗಳು ಒಂದನ್ನೊಂದು ದಾಟೋ ಜಾಗದ ಮೇಲೇ ಕೂತಿದೆ. ಸುಮಾರು 20,000 ನರಕೋಶಗಳ ಸಣ್ಣ ಗುಂಪು. ಇದಕ್ಕೆ ಹೊತ್ತು ಹೇಳೋದು ಬೆಳಕು. ಕಣ್ಣಿನ ಹಿಂಬದಿಯ ಪರದೆಯಲ್ಲಿ ಕೆಲವು ಕೋಶಗಳಿಗೆ ಇದೇ ಕೆಲಸ, ಅವು ನೀಲಿ ಬೆಳಕಿಗೆ ಹೆಚ್ಚು ಸ್ಪಂದಿಸುತ್ತವೆ. ಮೊಬೈಲ್ ಪರದೆಯಲ್ಲಿ ಈ ನೀಲಿ ಬೆಳಕು ಧಾರಾಳವಾಗಿ ಇರುತ್ತೆ.

ಆದರೆ ಲಿವರ್ ಯಜಮಾನನ ಮಾತಿನ ಜೊತೆಗೆ ಇನ್ನೊಂದನ್ನೂ ಕೇಳುತ್ತೆ, ಊಟದ ಹೊತ್ತು. 2000ದಲ್ಲಿ ಜಿನೀವಾದ ವಿಜ್ಞಾನಿಗಳು ಇಲಿಗಳಿಗೆ ಅವು ನಿದ್ದೆ ಮಾಡೋ ಹೊತ್ತಲ್ಲಿ ಮಾತ್ರ ಆಹಾರ ಕೊಟ್ಟರು. ಕೆಲವೇ ದಿನಗಳಲ್ಲಿ ಲಿವರ್ ಗಡಿಯಾರ ತಿರುಗಿ ನಿಂತಿತು, ಮೆದುಳಿನ ಗಡಿಯಾರ ಮಾತ್ರ ಕದಲಲಿಲ್ಲ. ಮೆದುಳು ರಾತ್ರಿ ಅನ್ನುತ್ತೆ, ಲಿವರ್ ಮಧ್ಯಾಹ್ನ ಅನ್ನುತ್ತೆ. ಮನೆಯಲ್ಲಿ ಯಜಮಾನ ಒಂದು ಹೇಳಿ, ಅಡುಗೆಮನೆ ಇನ್ನೊಂದು ಮಾಡಿದ ಹಾಗೆ. ನಡುರಾತ್ರಿ ತೋಟಕ್ಕೆ ಹೋಗಿ, ಮೂರು ಗಂಟೆಗೆ ಮುದ್ದೆ ಉಂಡು ಮಲಗ್ತಿದ್ದ ನಾನು ಮಾಡಿದ್ದು ಇದನ್ನೇ.

ಮನುಷ್ಯರಲ್ಲಿ ಏನಾಗುತ್ತೆ? ಇಂಗ್ಲೆಂಡಿನ ಸರ್ರೆ ವಿಶ್ವವಿದ್ಯಾಲಯದವರು 2014ರಲ್ಲಿ 22 ಜನರ ನಿದ್ದೆಯ ಹೊತ್ತನ್ನ ದಿನಾ 4 ಗಂಟೆ ತಡ ಮಾಡ್ತಾ ಹೋದ್ರು. ಮೊದಲು ರಕ್ತದಲ್ಲಿ ಅಳೆದ ಜೀನ್ ಚಟುವಟಿಕೆಯಲ್ಲಿ 6.4% ದಿನದ ಲಯದಲ್ಲಿ ನಡೀತಿತ್ತು. ನಿದ್ದೆ ತಲೆಕೆಳಗಾದಾಗ ಅದು 1%ಗೆ ಇಳೀತು. ಲಯವೇ ಅಳಿಸಿಹೋಗ್ತಾ ಬಂತು ಅಂತ ಅರ್ಥ.

ವರ್ಷಗಟ್ಟಲೆ ರಾತ್ರಿ ಪಾಳಿ ಮಾಡಿದವರಲ್ಲಿ ಸಕ್ಕರೆ ಕಾಯಿಲೆ, ಬೊಜ್ಜು, ಹೃದಯದ ತೊಂದರೆ ಹೆಚ್ಚು ಅಂತ ಹಲವು ಅಧ್ಯಯನಗಳು ಹೇಳಿವೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ರಾತ್ರಿ ಪಾಳಿ ಕೆಲಸವನ್ನ 'ಬಹುಶಃ ಕ್ಯಾನ್ಸರ್ ತರಬಲ್ಲದು' ಅನ್ನೋ ಪಟ್ಟಿಗೆ 2007ರಲ್ಲಿ ಸೇರಿಸಿತು, 2019ರಲ್ಲಿ ಮತ್ತೆ ಪರಿಶೀಲಿಸಿ ಅಲ್ಲೇ ಉಳಿಸಿತು. ಗಾಬರಿ ಬೇಡ. ಇಂಥ ಅಧ್ಯಯನಗಳಲ್ಲಿ ಹೆಚ್ಚಿನವು ನರ್ಸುಗಳು ಮತ್ತು ಅವರಂತೆ ದೀರ್ಘಕಾಲ ರಾತ್ರಿ ಪಾಳಿ ಮಾಡಿದವರ ಮೇಲೆ ನಡೆದವು. ಒಂದು ಬೇಸಿಗೆಯ ನೀರಾವರಿಗೆ ಆ ಲೆಕ್ಕ ಹಾಗೇ ಹೊಂದಲ್ಲ. ಆದರೆ ನಮ್ಮಲ್ಲಿ ಎಷ್ಟೋ ಜನ ಒಂದು ಬೇಸಿಗೆ ಅಲ್ಲ, ಇಡೀ ಯೌವನ ಹೀಗೇ ಕಳೀತಾರೆ.

ಒಂದು ಒಳ್ಳೆ ಸುದ್ದಿ

2021ರಲ್ಲಿ ಬಾಸ್ಟನ್ನಿನಲ್ಲಿ 19 ಆರೋಗ್ಯವಂತ ಯುವಕ ಯುವತಿಯರಿಗೆ ಕೃತಕವಾಗಿ ರಾತ್ರಿ ಪಾಳಿ ಮಾಡಿಸಿದ ಪ್ರಯೋಗ ಪ್ರಕಟವಾಯ್ತು. ಅರ್ಧ ಜನ ಪಾಳಿಯವರ ಹಾಗೆ ರಾತ್ರಿಯೂ ಉಂಡರು. ಉಳಿದವರು ರಾತ್ರಿ ಎಚ್ಚರ ಇದ್ದರೂ ಊಟ ಮಾತ್ರ ಹಗಲಲ್ಲೇ ಮಾಡಿದರು. ರಾತ್ರಿ ಉಂಡವರ ಸಕ್ಕರೆ ಸರಾಸರಿ 6.4% ಏರಿತು. ಹಗಲಲ್ಲಿ ಮಾತ್ರ ಉಂಡವರಲ್ಲಿ ಹೇಳಿಕೊಳ್ಳುವಂಥ ಏರಿಕೆ ಕಾಣಲಿಲ್ಲ.

ಸಣ್ಣ ಪ್ರಯೋಗ, ನಿಜ. ಆದರೆ ನಮ್ಮ ಕೈಲಿ ಆಗೋದನ್ನ ಅದು ತೋರಿಸುತ್ತೆ. ಕರೆಂಟ್ ಯಾವಾಗ ಬರಬೇಕು ಅನ್ನೋದು ನಮ್ಮ ಕೈಲಿಲ್ಲ. ತುತ್ತು ಯಾವಾಗ ಬಾಯಿಗೆ ಹೋಗಬೇಕು ಅನ್ನೋದು ನಮ್ಮ ಕೈಲೇ ಇದೆ.

ಏನು ಮಾಡಬಹುದು?

1. ಹೋಗೋದನ್ನೇ ತಪ್ಪಿಸಿ. ಕೃಷಿ ಹೊಂಡ ಅಥವಾ ತೊಟ್ಟಿ ಇದ್ದರೆ ರಾತ್ರಿ ಮೋಟರು ಅದನ್ನ ತುಂಬಿಸಲಿ, ಹಗಲು ಅಲ್ಲಿಂದ ಡ್ರಿಪ್‌ಗೆ ಬಿಡಿ. ಸಿಮ್ ಹಾಕಿದ ಮೊಬೈಲ್ ಸ್ಟಾರ್ಟರ್ ಈಗ ಹಳ್ಳಿ ಹಳ್ಳಿಯಲ್ಲೂ ಇದೆ, ಮನೆಯಿಂದಲೇ ಆನ್ ಆಫ್ ಮಾಡಬಹುದು. ಬೋರಿನಲ್ಲಿ ನೀರು ನಿಂತರೆ ಮೋಟರು ತಾನೇ ಆಫ್ ಆಗೋ ಸೌಲಭ್ಯ, ಫೇಸ್ ಹೋದರೆ ಆಫ್ ಆಗೋ ಸೌಲಭ್ಯ ಎರಡೂ ಇರೋದನ್ನೇ ತಗೊಳ್ಳಿ. ಇಲ್ಲದಿದ್ದರೆ ನಿದ್ದೆ ಉಳಿಸೋಕೆ ಹೋಗಿ ಮೋಟರು ಸುಟ್ಟುಕೊಳ್ತೀರ. ನಾನು ಹೊಂಡ ಮತ್ತು ಮೊಬೈಲ್ ಸ್ಟಾರ್ಟರ್ ಎರಡೂ ಮಾಡ್ಕೊಂಡೆ. ರಾತ್ರಿ ಹಾವಿನ ಭಯವೂ ಜೊತೆಗೇ ಹೋಯ್ತು.

2. ಹಗಲು ಕರೆಂಟಿನ ದಾರಿ ನೋಡಿ. 2019ರಲ್ಲಿ ಶುರುವಾದ ಪಿಎಂ ಕುಸುಮ್ ಯೋಜನೆಯಲ್ಲಿ ಸೋಲಾರ್ ಪಂಪ್‌ಸೆಟ್ಟಿಗೆ ಸಹಾಯಧನ ಇದೆ. ಕೃಷಿ ಫೀಡರುಗಳಿಗೇ ಸೋಲಾರ್ ಜೋಡಿಸಿ ಹಗಲಲ್ಲಿ ಕರೆಂಟ್ ಕೊಡೋ ಭಾಗವೂ ಇದೆ. ನಿಮ್ಮ ಫೀಡರ್ ಆ ಪಟ್ಟಿಯಲ್ಲಿ ಇದೆಯಾ ಅಂತ ವಿಚಾರಿಸಿ. ಸಭೆಗಳಲ್ಲಿ ಹಗಲು ತ್ರೀಫೇಸ್ ಕೇಳುವಾಗ 'ಅನುಕೂಲಕ್ಕೆ' ಅಂತ ಮಾತ್ರ ಹೇಳಬೇಡಿ, 'ಆರೋಗ್ಯಕ್ಕೆ' ಅಂತಲೂ ಹೇಳಿ.

3. ಹೋಗಲೇಬೇಕಾದ್ರೆ ಮುಯ್ಯಿ ಮಾಡ್ಕೊಳ್ಳಿ. ಕಳೆ, ಕೊಯ್ಲಿಗೆ ಮುಯ್ಯಾಳು ಇರೋ ಹಾಗೆ ರಾತ್ರಿ ನೀರಿಗೂ ಇರಲಿ. ಅಕ್ಕಪಕ್ಕದ ಇಬ್ಬರು ಮೂವರು ಸರದಿ ಹಾಕ್ಕೊಂಡ್ರೆ ವಾರದಲ್ಲಿ ನಾಲ್ಕೈದು ರಾತ್ರಿ ಪೂರ್ತಿ ನಿದ್ದೆ ಸಿಗುತ್ತೆ.

4. ಊಟ ಹೊತ್ತಿಗೆ ಮುಗಿಸಿ. ಕತ್ತಲಾಗ್ತಿದ್ದ ಹಾಗೆ, ಏಳು ಎಂಟು ಗಂಟೆ ಒಳಗೆ ಹೊಟ್ಟೆ ತುಂಬ ಉಣ್ಣಿ. ರಾತ್ರಿ ತೋಟದಿಂದ ಬಂದ ಮೇಲೆ ಮುದ್ದೆ, ಅನ್ನ ಬೇಡ. ನೀರು ಕುಡೀರಿ. ತಡೆಯೋಕೆ ಆಗದಿದ್ರೆ ಒಂದು ಹಿಡಿ ಕಡಲೆಬೀಜ ಸಾಕು. ಸಕ್ಕರೆ ಹಾಕಿದ ಟೀ, ಬಿಸ್ಕತ್ತು ಬಿಡಿ. ಆ ಹೊತ್ತಿನ ಟೀ ಉಳಿದ ನಿದ್ದೆಯನ್ನೂ ಕೆಡಿಸುತ್ತೆ.

5. ಟಾರ್ಚ್ ಬೇಕು, ಮೊಬೈಲ್ ಪರದೆ ಬೇಡ. ಕಾಲ ಬುಡಕ್ಕೆ ಬೆಳಕು ಇರಲೇಬೇಕು, ಅದರಲ್ಲಿ ಉಳಿತಾಯ ಮಾಡಬೇಡಿ, ಹಾವು ಚೇಳು ಇರೋ ಜಾಗ. ಆದರೆ ನೆಲಕ್ಕೆ ಬೀಳೋ ಬೆಳಕು ಬೇರೆ, ಮುಖದ ಮುಂದೆ ಒಂದು ಗಂಟೆ ರೀಲ್ಸ್ ನೋಡೋದು ಬೇರೆ. ಕಾಯೋ ಹೊತ್ತು ಕಳೀಬೇಕು ಅಂದ್ರೆ ಹಾಡು ಕೇಳಿ, ಪರದೆ ಆರಿಸಿ ಜೇಬಿಗೆ ಹಾಕ್ಕೊಳ್ಳಿ.

6. ಬಂದ ಮೇಲೆ ಕತ್ತಲು, ಎದ್ದ ಮೇಲೆ ಬಿಸಿಲು. ಕಿಟಕಿಗೆ ಒಂದು ದಪ್ಪ ಬಟ್ಟೆ ಕಟ್ಟಿ ಮಲಗಿ, ಮನೆಯವರಿಗೆ ಎಬ್ಬಿಸಬೇಡಿ ಅಂತ ಹೇಳಿ. ಎದ್ದ ಕೂಡಲೇ ಸ್ವಲ್ಪ ಹೊತ್ತು ಹೊರಗೆ ಬೆಳಕಲ್ಲಿ ಓಡಾಡಿ, ಯಜಮಾನ ಗಡಿಯಾರಕ್ಕೆ ಅದೇ ಕೀಲಿ. ನಿದ್ದೆ ಸಾಲದಿದ್ದ ದಿನ ಮೇವು ಕತ್ತರಿಸೋ ಯಂತ್ರ, ಟ್ರ್ಯಾಕ್ಟರ್, ದೂರದ ಬೈಕ್ ಪ್ರಯಾಣ ಮುಂದಕ್ಕೆ ಹಾಕಿ.

7. ಸಕ್ಕರೆ, ಬಿಪಿ ಮಾತ್ರೆ ತಗೊಳ್ಳೋರು ರಾತ್ರಿ ಕೆಲಸ ಮಾಡ್ತೀವಿ ಅಂತ ಡಾಕ್ಟರಿಗೆ ಹೇಳಿ. ಮಾತ್ರೆಯ ಹೊತ್ತು, ಊಟದ ಹೊತ್ತು ಎರಡನ್ನೂ ಅವರನ್ನ ಕೇಳಿಯೇ ಬದಲಾಯಿಸಿ. ಇನ್ಸುಲಿನ್ ತಗೊಳ್ಳೋರು ಮೇಲೆ ಹೇಳಿದ ಊಟದ ಸಲಹೆಯನ್ನ ಕೇಳದೇ ಪಾಲಿಸಬೇಡಿ, ಸಕ್ಕರೆ ತೀರಾ ಇಳಿದರೆ ಅಪಾಯ. 30 ದಾಟಿದವರು ವರ್ಷಕ್ಕೆ ಒಮ್ಮೆಯಾದ್ರೂ ಸಕ್ಕರೆ, ಬಿಪಿ ನೋಡಿಸಿ.

ಕೊನೆಗೆ

ಆರು ತಿಂಗಳ ಮೇಲೆ ನನ್ನ ಸಕ್ಕರೆ ಮತ್ತೆ ನೋಡಿಸಿದೆ, 98 ಇತ್ತು. ಊಟದ ಹೊತ್ತು ಬದಲಾಯ್ತು, ನಿದ್ದೆ ಬಂತು, ಸಂಜೆ ಟೀಗೆ ಸಕ್ಕರೆ ಬಿಟ್ಟೆ. ಯಾವುದರಿಂದ ಎಷ್ಟು ಇಳೀತು ಅಂತ ಬಿಡಿಸಿ ಹೇಳೋಕೆ ಆಗಲ್ಲ. ಎದೆ ಉರಿ ಹೋಗಿದ್ದಂತೂ ನಿಜ.

ಅಪ್ಪನಿಗೆ ಇದನ್ನೆಲ್ಲ ವಿವರಿಸಿದೆ. ಪೂರ್ತಿ ಕೇಳಿಸ್ಕೊಂಡು, "ನಮ್ಮ ಕಾಲದಲ್ಲಿ ಹೊಂಡ ಇರ್ಲಿಲ್ಲ, ಫೋನೂ ಇರ್ಲಿಲ್ಲ, ಬೆಳೆ ಒಣಗೋದು ನೋಡ್ಕೊಂಡು ಮಲಗೋಕೆ ಆಗ್ತಿತ್ತೇನಪ್ಪ" ಅಂದ್ರು. ಅದಕ್ಕೆ ನನ್ನ ಹತ್ರ ಉತ್ತರ ಇರಲಿಲ್ಲ. ಅವರಿಗೆ ದಾರಿ ಇರಲಿಲ್ಲ, ನಮಗೆ ಒಂದೆರಡು ಇದೆ. ಅದನ್ನ ಬಳಸಿಕೊಳ್ಳೋಣ.

ಸೇವಂತಿಗೆಗೆ ಎಷ್ಟು ದಿನ ಬಲ್ಬ್ ಉರಿಸಬೇಕು, ಯಾವತ್ತು ಆರಿಸಬೇಕು ಅಂತ ಡೈರಿಯಲ್ಲಿ ಬರೆದಿಡ್ತೀವಿ. ಈ ವಾರ ಅದೇ ಡೈರಿಯಲ್ಲಿ ನೀವು ಉಂಡ ಹೊತ್ತು, ಮಲಗಿದ ಹೊತ್ತು ಏಳು ದಿನ ಬರೆದು ನೋಡಿ. ಎಲ್ಲಿ ಸರಿಮಾಡಬೇಕು ಅಂತ ನಿಮಗೇ ಕಾಣುತ್ತೆ.

ಮುಂದಿನ ವಾರ ಮತ್ತೆ ಬೆಳೆ ವಿಷಯಕ್ಕೆ ಬರ್ತೀನಿ. ಅಲ್ಲಿವರೆಗೆ ಹೊತ್ತಿಗೆ ಉಣ್ಣಿ, ಹೊತ್ತಿಗೆ ಮಲಗಿ.